ಮೋಟಾರುಗಾಡಿಯ ಬಿಲ್ಲೆ: ನಿಜವೂ ಹುಸಿಯೂ

ನಾಣ್ಯವನ್ನು ಅದರ ಮುದ್ರೆಯಿಂದಲೂ, ಶಾಸನವನ್ನು ಅದರ ಲಿಪಿಯಿಂದಲೂ, ಮನೆತನವನ್ನು ಅದರ ಅಡ್ಡಹೆಸರಿನಿಂದಲೂ ಗುರುತಿಸುವದು ಲೋಕದ ರೂಢಿ. ಇಪ್ಪತ್ತನೆಯ ಶತಮಾನವು ಈ ಗುರುತುಗಳ ಸಾಲಿಗೆ ಮತ್ತೊಂದನ್ನು ಸೇರಿಸಿತು. ಮೋಟಾರುಗಾಡಿಯ ಮೂತಿಯ ಮೇಲೆ ಕೂಡ್ರಿಸಿದ ಲೋಹದ ಬಿಲ್ಲೆಯೇ ಆ ಗುರುತು. ಅದರ ಜೊತೆಗೆ ರೇಡಿಯೇಟರಿನ ಕವಚ, ಮುಂಗಡೆಯ ಬೊಂಬೆ, ಪಕ್ಕದ ಹೊಳಪುಪಟ್ಟಿ, ಗಾಲಿಯ ಗುಂಬದ ಮುಚ್ಚಳ ಇವೆಲ್ಲವೂ ಆ ಗಾಡಿಯು ಯಾವ ಕಾರಖಾನೆಯದು, ಯಾವ ವರುಷದ್ದು, ಎಂಥ ಬೆಲೆಯದು ಎಂಬದನ್ನು ಬಲ್ಲವರಿಗೆ ಹೇಳುತ್ತಿದ್ದವು. ಇಂದು ಆ ಗಾಡಿಗಳು ಹಳೆಯವಾಗಿವೆ. ಹಳೆಯವಾದುದರಿಂದ ಅವುಗಳಿಗೆ ಬೆಲೆ ಬಂದಿದೆ. ಬೆಲೆ ಬಂದಲ್ಲಿ ಹುಸಿಯೂ ಹಿಂಬಾಲಿಸುವದು ಸಹಜ. ಯಾವ ಬಿಲ್ಲೆ ನಿಜ, ಯಾವದು ಹುಸಿ ಎಂಬ ಪ್ರಶ್ನೆಯು ಸಂಗ್ರಾಹಕರ ಹವ್ಯಾಸದ ಮಾತೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಕನ್ನಡ ನಾಡಿನ, ಅದರಲ್ಲಿಯೂ ಹಿಂದೆ ಮುಂಬಯಿ ಇಲಾಖೆಗೆ ಸೇರಿದ್ದ ಜಿಲ್ಲೆಗಳ ಮಟ್ಟಿಗೆ ಅದು ಇತಿಹಾಸದ ಪ್ರಶ್ನೆಯೇ ಆಗಿದೆ.

ಮಲಪ್ರಭೆಯ ದಡದ ಹೊಳೆಮಣ್ಣೂರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಅದೇ ಸೀಮೆಯ ಹೊಳೆಆಲೂರಿನಂತೆ ಈ ಊರೂ ತನ್ನ ಹೆಸರಿನ ಮೊದಲಲ್ಲಿಯೇ ಹೊಳೆಯನ್ನು ಬಿಲ್ಲೆಯಂತೆ ಧರಿಸಿಕೊಂಡಿದೆ. ಇಂದು ಗದಗ ಜಿಲ್ಲೆಯಲ್ಲಿರುವ ಈ ರೋಣದ ಸೀಮೆಯು ೧೯೯೭ರ ವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಧಾರವಾಡ ಜಿಲ್ಲೆಯು ೧೯೫೬ರ ವರೆಗೆ ಮುಂಬಯಿಯ ಆಡಳಿತದಲ್ಲಿತ್ತು. ಸರಕಾರದ ಅಪ್ಪಣೆ, ಅರಳೆಯ ಧಾರಣೆ, ಹೊರದೇಶದ ಸರಕು ಎಲ್ಲವೂ ಮುಂಬಯಿಯಿಂದ ಬರಬೇಕು. ಸುತ್ತಲೂ ಎರೆಯ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುವ ಈ ನೆಲವು ಮಳೆಗಾಲದಲ್ಲಿ ಚಕ್ಕಡಿಯ ಗಾಲಿಯನ್ನು ನುಂಗಿಬಿಡುತ್ತದೆ. ಇಂಥ ದಾರಿಗೆ ನೆಲದಿಂದ ಎತ್ತರದಲ್ಲಿರುವ ಅಚ್ಚು, ದೊಡ್ಡ ಎಂಜಿನು, ಸುಲಭವಾಗಿ ಬಿಚ್ಚಿ ಜೋಡಿಸಬಹುದಾದ ಯಂತ್ರ ಬೇಕು. ಇಂಗ್ಲಂಡದಲ್ಲಿ ಎಂಜಿನಿನ ಗಾತ್ರಕ್ಕೆ ತಕ್ಕಂತೆ ಕರವಿದ್ದುದರಿಂದ ಅಲ್ಲಿಯ ಸಾಮಾನ್ಯ ಗಾಡಿಗಳು ಚಿಕ್ಕ ಎಂಜಿನಿನವಾಗಿದ್ದವು. ಅಮೇರಿಕೆಯ ಗಾಡಿಗಳಾದರೋ ಅಲ್ಲಿಯ ಒಕ್ಕಲಿಗರ ಕೆಸರುದಾರಿಯನ್ನು ಕಣ್ಣಮುಂದಿಟ್ಟುಕೊಂಡು ಹುಟ್ಟಿದವು, ಬೆಲೆಯಲ್ಲಿಯೂ ಅಗ್ಗವಾಗಿದ್ದವು. ಆದ್ದರಿಂದ ೧೯೨೦ರ ದಶಕದಲ್ಲಿ ಹಿಂದುಸ್ಥಾನಕ್ಕೆ ಬಂದ ಗಾಡಿಗಳಲ್ಲಿ ಅಮೇರಿಕೆ ಕೆನಡಾಗಳವೇ ಮೇಲುಗೈ ಪಡೆದವು.

ಅಮೇರಿಕೆಯ ಹೆಸರು ಈ ಸೀಮೆಗೆ ಆಗ ಹೊಸದೇನಾಗಿರಲಿಲ್ಲ. ೧೮೪೦ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿಯನ್ನು ಧಾರವಾಡ ಪ್ರಾಂತದಲ್ಲಿ ಬಿತ್ತಿಸಲಾಯಿತು. ಅದೇ ಮುಂದೆ 'ಧಾರವಾಡ ಅಮೇರಿಕನ್' ಎಂಬ ಹೆಸರಿನಿಂದ ಪೇಟೆಗಳಲ್ಲಿ ನಡೆಯಿತು. ಬೆಲೆಯುಳ್ಳ ಹೆಸರಾದುದರಿಂದ ಆ ಹೆಸರಿನ ಕೆಳಗೆ ಕೀಳು ಹತ್ತಿಯನ್ನು ಬೆರೆಸುವದೂ ಮೊದಲಾಯಿತು. ಮುಂಬಯಿ ಸರಕಾರವು ೧೮೬೩ರಲ್ಲಿ ಅರಳೆಯ ಮೋಸವನ್ನು ತಡೆಯಲು ಒಂದು ಕಾಯದೆಯನ್ನೇ ಮಾಡಬೇಕಾಯಿತು. ಅಂಡಿಗೆಯ ಮೇಲಿನ ಹೆಸರಿಗೂ ಒಳಗಿನ ಸರಕಿಗೂ ಹೊಂದಿಕೆಯಿರಬೇಕೆಂಬ ತಕರಾರು ಹೀಗೆ ಇಲ್ಲಿ ಮೋಟಾರಿಗಿಂತ ಹಳೆಯದು.

ಇನ್ನು ಬಿಲ್ಲೆಗಳ ಸಂಗತಿ. ಅಮೇರಿಕೆಯ ಒಂದೊಂದು ಕಾರಖಾನೆಯೂ ತನ್ನದೊಂದು ಲಾಂಛನವನ್ನು ಆರಿಸಿಕೊಂಡಿತ್ತು. ಶೆವ್ರೊಲೆಯದು ೧೯೧೩ರಿಂದ ಬಳಕೆಗೆ ಬಂದ, ಕೊರಳಿಗೆ ಕಟ್ಟುವ ಬೋ ಗಂಟಿನ ಆಕಾರ. ೧೯೨೮ರಲ್ಲಿ ಹುಟ್ಟಿದ ಪ್ಲಿಮತ್ ಗಾಡಿಯು ೧೬೨೦ರಲ್ಲಿ ವಲಸೆಗಾರರನ್ನು ಹೊತ್ತೊಯ್ದ ಮೇಫ್ಲವರ್ ಹಡಗವನ್ನು ಧರಿಸಿತು. ಪಾಂಟಿಯಾಕ್ ಗಾಡಿಯ ಮೇಲೆ ಅಮೇರಿಕೆಯ ಮೂಲನಿವಾಸಿಗಳ ನಾಯಕನ ತಲೆ. ಕ್ಯಾಡಿಲಾಕಿನ ಮೇಲೆ ೧೭೦೧ರಲ್ಲಿ ಡೆಟ್ರಾಯಿಟ್ ನಗರವನ್ನು ನೆಲೆಗೊಳಿಸಿದ ಫ್ರೆಂಚ್ ಸರದಾರನ ಹೆಸರಿನ ಮನೆತನದ ಗುರಾಣಿ. ಡಾಜ್ ಸೋದರರ ಗಾಡಿಗೆ ಮೊದಲು ಹೆಣೆದುಕೊಂಡ ಎರಡು ತ್ರಿಕೋನಗಳ ನಕ್ಷತ್ರವಿತ್ತು. ೧೯೨೮ರಲ್ಲಿ ಆ ಕಾರಖಾನೆಯನ್ನು ಕ್ರೈಸ್ಲರನು ಕೊಂಡ ತರುವಾಯ, ೧೯೩೨ರಲ್ಲಿ ಕೊಂಬು ಸುರುಳಿಸಿದ ಟಗರು ಅದರ ಮೂತಿಯನ್ನೇರಿತು. ನಕ್ಷತ್ರ ಮಾತ್ರವಿದ್ದ ಕಾಲದ ಡಾಜಿನ ಮೇಲೆ ಟಗರನ್ನು ಕೂಡ್ರಿಸಿದರೆ ಅದು ಚಾಲುಕ್ಯರ ತಾಮ್ರಪಟಕ್ಕೆ ವಿಜಯನಗರದ ಮುದ್ರೆಯನ್ನೊತ್ತಿದಂತೆ.

ಲಾಂಛನದಷ್ಟೇ ಮಾತಾಡುವದು ಲೋಹ. ಫೋರ್ಡನ ಪ್ರಸಿದ್ಧವಾದ ಟಿ ಮಾದರಿಯು ೧೯೦೮ರಿಂದ ೧೯೨೭ರ ವರೆಗೆ ನಡೆದು, ಒಂದೂವರೆ ಕೋಟಿಗೂ ಮಿಕ್ಕಿ ತಯಾರಾಯಿತು. ೧೯೧೬ರ ಮಾದರಿಯ ವರೆಗೆ ಅದರ ರೇಡಿಯೇಟರು ಹಿತ್ತಾಳೆಯದು. ೧೯೧೭ರ ಮಾದರಿಯಿಂದ ಕರಿಯ ಬಣ್ಣದ ಉಕ್ಕಿನ ಕವಚ ಬಂದಿತು. ಆದ್ದರಿಂದ ೧೯೨೨ರ ಗಾಡಿಗೆ ಹಿತ್ತಾಳೆಯ ಮುಖವನ್ನು ತೊಡಿಸಿ ಅಂದಗಾಣಿಸುವದು ಕಣ್ಣಿಗೆ ಹಿತವಾದರೂ ಸತ್ಯಕ್ಕೆ ದೂರ. ಆ ಬಳಿಕ ಬಂದ ಎ ಮಾದರಿಯಲ್ಲಿ ೧೯೨೮ ಮತ್ತು ೧೯೨೯ರ ಕವಚವು ನಿಕ್ಕಲು ಲೇಪದ್ದು. ೧೯೩೦ ಮತ್ತು ೧೯೩೧ರದು ತುಸು ಎತ್ತರವಾಗಿ ತುಕ್ಕುಹಿಡಿಯದ ಉಕ್ಕಿನಿಂದಾದುದು. ಕ್ರೋಮಿಯಂ ಲೇಪವು ೧೯೨೬ರ ಸುಮಾರಿಗೆ ಓಲ್ಡ್ಸ್‌ಮೊಬೀಲ್ ಗಾಡಿಗಳಲ್ಲಿ ತಲೆದೋರಿ, ೧೯೩೦ರ ಹೊತ್ತಿಗೆ ಎಲ್ಲೆಡೆಯೂ ಹಬ್ಬಿತು. ನಿಕ್ಕಲಿನ ಹೊಳಪಿನಲ್ಲಿ ಬೆಣ್ಣೆಯ ಹಳದಿಯ ಛಾಯೆಯಿದೆ. ಕ್ರೋಮಿಯಮಿನದರಲ್ಲಿ ತಣ್ಣನೆಯ ನೀಲಿಯಿದೆ. ೧೯೨೪ರ ಗಾಡಿಯೊಂದು ಕನ್ನಡಿಯಂತೆ ನೀಲಿಯಾಗಿ ಹೊಳೆಯುತ್ತಿದ್ದರೆ ಆ ಹೊಳಪು ಇತ್ತೀಚಿನದೆಂದು ತಿಳಿಯಬೇಕು.

ಕೆಲವು ಬಿಲ್ಲೆಗಳು ಗಾಡಿಯ ಹೊರಗಿದ್ದು ಒಳಗಿನ ಯಂತ್ರದ ಸಂಗತಿಯನ್ನು ಹೇಳುತ್ತವೆ. ೧೯೩೨ರಲ್ಲಿ ಫೋರ್ಡನು ಎಂಟು ಸಿಲಿಂಡರಿನ 'ವಿ ಎಂಟು' ಎಂಜಿನನ್ನು ಹೊರತಂದನು. ನಾಲ್ಕು ಸಿಲಿಂಡರಿನ ಎಂಜಿನೂ ಜೊತೆಯಲ್ಲಿಯೇ ಮಾರಾಟಕ್ಕಿತ್ತು. ಎರಡರ ಮೈಕಟ್ಟೂ ಹೆಚ್ಚುಕಡಿಮೆ ಒಂದೇ. ದೀಪಗಳ ನಡುವಣ ಅಡ್ಡಸಲಾಕೆಯ ಮೇಲಿನ ಗುರುತನ್ನೂ ಗುಂಬದ ಮುಚ್ಚಳಗಳನ್ನೂ ನೋಡಿಯೇ ಹೊರಗಿನವನು ವ್ಯತ್ಯಾಸವನ್ನು ತಿಳಿಯಬೇಕಾಗಿತ್ತು. ೧೯೪೯ರ ಬ್ಯೂಯಿಕ್ ಗಾಡಿಗಳ ಪಕ್ಕದಲ್ಲಿ ದುಂಡಗಿನ ಕಿಂಡಿಗಳು ಮೂಡಿದವು. 'ಸುಪರ್' ಎಂಬುದಕ್ಕೆ ಒಂದೊಂದು ಬದಿಗೆ ಮೂರು, ಅದಕ್ಕಿಂತ ಬೆಲೆಯುಳ್ಳ 'ರೋಡ್‌ಮಾಸ್ಟರ್' ಎಂಬುದಕ್ಕೆ ನಾಲ್ಕು. ಒಂದು ಕಿಂಡಿಯನ್ನು ಹೆಚ್ಚು ಕೊರೆದು ಗಾಡಿಯ ಅಂತಸ್ತನ್ನೇರಿಸುವದು ಎಷ್ಟು ಸುಲಭವೋ, ಎಂಜಿನಿನ ಮುಚ್ಚಳವನ್ನೆತ್ತಿ ಆ ಸುಳ್ಳನ್ನು ಹಿಡಿಯುವದೂ ಅಷ್ಟೇ ಸುಲಭ.

ಹೊಳಪೇ ಹುಸಿಯಾಗುವ ಪ್ರಸಂಗವೂ ಉಂಟು. ೧೯೪೧ರ ಡಿಸೆಂಬರಿನಲ್ಲಿ ಅಮೇರಿಕೆಯು ಮಹಾಯುದ್ಧದಲ್ಲಿ ಇಳಿಯಿತು. ಕ್ರೋಮಿಯಂ, ನಿಕ್ಕಲು, ತಾಮ್ರಗಳು ಯುದ್ಧಕ್ಕೆ ಬೇಕಾದವು. ೧೯೪೨ರ ಜನವರಿಯಿಂದ ಗಾಡಿಗಳಿಗೆ ಹೊಳಪಿನ ಅಲಂಕಾರವನ್ನು ಹಾಕಕೂಡದೆಂದು ಅಲ್ಲಿಯ ಸರಕಾರವು ವಿಧಿಸಿತು. ಫೆಬ್ರವರಿಯಲ್ಲಿ ಜನರ ಬಳಕೆಯ ಗಾಡಿಗಳ ತಯಾರಿಕೆಯೇ ನಿಂತಿತು. ಆ ಕೆಲವು ವಾರಗಳಲ್ಲಿ ಹೊರಬಿದ್ದ ಗಾಡಿಗಳ ಪಟ್ಟಿಗಳಿಗೂ ಜಾಲರಿಗಳಿಗೂ ಬಣ್ಣ ಬಳಿದಿರುತ್ತದೆ. ಅಂಥ ಗಾಡಿಯನ್ನು ಕಂಡು, ಬಡತನದಲ್ಲಿ ಬಣ್ಣ ಬಳಿದಿದ್ದಾರೆಂದು ಮರುಗಿ ಕ್ರೋಮಿಯಂ ಹಾಕಿಸಿದರೆ ಒಂದು ಮಹಾಯುದ್ಧದ ನೆನಪನ್ನೇ ಉಜ್ಜಿ ತೆಗೆದಂತಾಗುತ್ತದೆ.

ಇಷ್ಟೆಲ್ಲವನ್ನೂ ಅಮೇರಿಕೆಯಲ್ಲಿ ಅಚ್ಚಾದ ಕೈಪಿಡಿಗಳಿಂದ ಕಲಿಯಬಹುದು. ತೊಡಕು ಮೊದಲಾಗುವದು ಇಲ್ಲಿಂದ ಮುಂದೆ. ಹಿಂದುಸ್ಥಾನಕ್ಕೆ ಬಂದ 'ಅಮೇರಿಕನ್' ಗಾಡಿಗಳಲ್ಲಿ ಬಹಳಷ್ಟು ಅಮೇರಿಕೆಯ ಸಂಸ್ಥಾನಗಳಿಂದ ಬಂದವುಗಳೇ ಅಲ್ಲ. ೧೯೦೪ರಲ್ಲಿ ಡೆಟ್ರಾಯಿಟ್ ಹೊಳೆಯ ಆಚೆಯ ದಡದಲ್ಲಿ ಕೆನಡಾದ ಫೋರ್ಡ ಕಂಪನಿಯು ಹುಟ್ಟಿತು. ಇಂಗ್ಲಂಡವೊಂದನ್ನು ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಮಾರಾಟದ ಹಕ್ಕು ಅದಕ್ಕೆ ದೊರೆಯಿತು. ೧೯೨೬ರಲ್ಲಿ ಸ್ಥಾಪಿತವಾದ ಹಿಂದುಸ್ಥಾನದ ಫೋರ್ಡ ಕಂಪನಿಯು ಕೆನಡಾದ ಕಂಪನಿಯ ಮಗುವೇ ಹೊರತು ಡೆಟ್ರಾಯಿಟ್ಟಿನದಲ್ಲ. ಎಡಬದಿಗೆ ನಡೆಯುವ ಈ ದೇಶಕ್ಕೆ ಬಲಗಡೆಯ ಚುಕ್ಕಾಣಿ ಬೇಕು. ಕೆನಡಾದ ಕಾರಖಾನೆಯು ಅದನ್ನು ಒದಗಿಸಿತು. ಅಲ್ಲಿಯ ಟಿ ಮಾದರಿಯ ಎಂಜಿನಿನ ಸಂಖ್ಯೆಯು 'ಸಿ' ಅಕ್ಷರದಿಂದಲೂ ಎ ಮಾದರಿಯದು 'ಸಿ ಎ' ಅಕ್ಷರಗಳಿಂದಲೂ ಮೊದಲಾಗುತ್ತದೆ. ಬಿಡಿಭಾಗಗಳ ಮೇಲೆ ಅಮೇರಿಕೆಯ ಹೆಸರಿಗೆ ಬದಲು ಕೆನಡಾದ ಹೆಸರು ಒತ್ತಿರುತ್ತದೆ. ಅಮೇರಿಕೆಯ ತೆರೆದ ಟಿ ಗಾಡಿಗಳಲ್ಲಿ ಬಹುಕಾಲ ಮುಂದಿನ ಎಡಬಾಗಿಲು ಬರಿಯ ತಗಡಿನ ಗೆರೆ. ಕೆನಡಾದ ಗಾಡಿಯಲ್ಲಿಯಾದರೋ ಅದು ತೆರೆಯುವ ನಿಜವಾದ ಬಾಗಿಲು. ಬ್ಯೂಯಿಕ್ ಗಾಡಿಯು ಕೆನಡಾದಲ್ಲಿ ೧೯೪೨ರ ವರೆಗೆ 'ಮೆಕ್‌ಲಾಫ್ಲಿನ್ ಬ್ಯೂಯಿಕ್' ಎಂಬ ಜೋಡುಹೆಸರಿನಿಂದ ನಡೆಯಿತು. ಅಮೇರಿಕೆಯ ಕೈಪಿಡಿಯನ್ನು ಕೈಯಲ್ಲಿ ಹಿಡಿದವನು ಇವೆಲ್ಲವನ್ನೂ ತಪ್ಪೆಂದು ಗೆರೆಯೆಳೆದಾನು; ಆದರೆ ಈ ದೇಶದ ಗಾಡಿಗೆ ಇವೇ ಸರಿ.

ಮುಂಬಯಿಯು ಈ ಕಥೆಗೆ ಮತ್ತೊಂದು ಅಧ್ಯಾಯವನ್ನು ಕೂಡಿಸಿತು. ಜನರಲ್ ಮೋಟರ್ಸ್ ಕಂಪನಿಯು ೧೯೨೮ರಲ್ಲಿ ಮುಂಬಯಿಯ ಶಿವಡಿಯಲ್ಲಿ ಗಾಡಿ ಜೋಡಿಸುವ ಕಾರಖಾನೆಯನ್ನು ತೆರೆಯಿತು. ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿಯ ಕೂಲಿಕಾರರು ಶೆವ್ರೊಲೆಗಳನ್ನಾಗಿ ಜೋಡಿಸಿದರು. ಎರಡನೆಯ ಮಹಾಯುದ್ಧದ ಕಾಲಕ್ಕೆ ದೇಶದವರೇ ಕಾರಖಾನೆ ಹೂಡುವ ಮಾತು ಬಲವಾಯಿತು. ಈ ಪ್ರಯತ್ನದಲ್ಲಿ ಕನ್ನಡಿಗರ ಪಾಲು ಚಿಕ್ಕದಲ್ಲ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಮೋಟಾರು ಕಾರಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಸೋಲಾಪುರದ ಉದ್ಯಮಿ ವಾಲಚಂದ ಹಿರಾಚಂದರು ಅದಕ್ಕೆ ಕೈಗೂಡಿಸಿದರು. ಮೈಸೂರು ಸಂಸ್ಥಾನವೂ ಒಲವು ತೋರಿತು. ಆದರೆ ಬ್ರಿಟಿಷ್ ಸರಕಾರದ ಬೆಂಬಲ ದೊರೆಯದೆ ಆ ಕಾರಖಾನೆಯು ಬೆಂಗಳೂರಿನಲ್ಲಿ ಏಳಲಿಲ್ಲ. ೧೯೪೦ರಲ್ಲಿ ಅದೇ ವಾಲಚಂದರ ಮುಂದಾಳ್ತನದಲ್ಲಿ ಅಲ್ಲಿ ಎದ್ದುದು ವಿಮಾನದ ಕಾರಖಾನೆ. ಮೋಟಾರಿನ ಕನಸು ೧೯೪೪ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮೈದಾಳಿ, ಕ್ರೈಸ್ಲರ್ ಕಂಪನಿಯ ಸಹಕಾರದಿಂದ ೧೯೪೭ರಲ್ಲಿ ಮೊದಲ ಗಾಡಿಯನ್ನು ರಸ್ತೆಗಿಳಿಸಿತು. ಯೋಜನೆಯು ಮೊದಲಿನಂತೆಯೇ ಫಲಿಸಿದ್ದರೆ ಇಂದಿನ ಸಂಗ್ರಾಹಕನು ಹುಡುಕುವ ಬಿಲ್ಲೆಯು ಬೆಂಗಳೂರಿನದಾಗಿರುತ್ತಿತ್ತು.

ಪ್ರೀಮಿಯರ್ ಕಾರಖಾನೆಯ ಗಾಡಿಗಳು ಬಿಲ್ಲೆಯ ಶಾಸ್ತ್ರಕ್ಕೆ ಕಠಿಣವಾದ ಪರೀಕ್ಷೆ. ೧೯೫೦ರ ದಶಕದಲ್ಲಿ ಅದು ಡಾಜ್ ಕಿಂಗ್ಸ್‌ವೇ, ಪ್ಲಿಮತ್ ಸವಾಯ್, ಡಿಸೋಟೊ ಡಿಪ್ಲೊಮ್ಯಾಟ್ ಎಂಬ ಮೂರು ಹೆಸರಿನ ಗಾಡಿಗಳನ್ನು ಮಾರಿತು. ಮೂರರ ಮೈಯೂ ಮೂಲತಃ ಪ್ಲಿಮತ್ತಿನದೇ. ಬೇರೆಯಾದದ್ದು ಮುಖದ ಜಾಲರಿ, ಪಟ್ಟಿ, ಬಿಲ್ಲೆ ಮಾತ್ರ. ಅಮೇರಿಕೆಯಲ್ಲಿ ಡಿಸೋಟೊ ಎಂಬುದು ಪ್ಲಿಮತ್ತಿಗಿಂತ ದೊಡ್ಡದಾದ, ಹೆಚ್ಚು ಬೆಲೆಯ ಬೇರೆಯೇ ಗಾಡಿ. ಅಲ್ಲಿಯ ಪುಸ್ತಕವನ್ನು ನಂಬಿದವನು ಇಲ್ಲಿಯ ಡಿಸೋಟೊವನ್ನು ಕಂಡರೆ ಪ್ಲಿಮತ್ತಿಗೆ ಯಾರೋ ಸುಳ್ಳುಬಿಲ್ಲೆ ಹಚ್ಚಿದ್ದಾರೆಂದು ತೀರ್ಪು ಕೊಟ್ಟಾನು. ಆದರೆ ಆ ಬಿಲ್ಲೆಯನ್ನು ಹಚ್ಚಿದವರು ಕಾರಖಾನೆಯವರೇ. ಹೊರದೇಶದ ವ್ಯಾಪಾರಿಗಳು ಒಬ್ಬೊಬ್ಬರೂ ಮಾರಲು ಅಗ್ಗದ ಗಾಡಿಯೊಂದು ಬೇಕೆಂದು ಕ್ರೈಸ್ಲರ್ ಕಂಪನಿಯು ಒಂದೇ ಮೈಗೆ ಹಲವು ಹೆಸರುಗಳನ್ನು ಕೊಟ್ಟಿತು.

ಈ ಎಚ್ಚರಿಕೆಯ ಪಾಠವನ್ನು ಕನ್ನಡ ನಾಡಿನ ಶಾಸನಶಾಸ್ತ್ರವು ಬಹಳ ಹಿಂದೆಯೇ ಕಲಿಸಿದೆ. ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು ಬರೆದ ಫ್ಲೀಟರು ಗಂಗರ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಮೈಸೂರಿನ ರೈಸರು ಅವುಗಳ ಪರವಾಗಿ ವಾದಿಸಿದರು. ಕಾಲಕ್ರಮದಲ್ಲಿ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ನಿಜವೆಂದೂ ಕೆಲವನ್ನು ಹುಸಿಯೆಂದೂ ಬೇರ್ಪಡಿಸಿದರು. ಸಂಶಯವು ಸಂಶೋಧಕನ ಆಭರಣವೇ ಸರಿ. ಆದರೆ ಬೇರೆ ಸೀಮೆಯ ಅಳತೆಗೋಲಿನಿಂದ ಅಳೆದರೆ ನಿಜವೂ ಹುಸಿಯಾಗಿ ಕಂಡೀತು. ಬಿಲ್ಲೆಯ ವಿಷಯದಲ್ಲಿಯೂ ಇದೇ ನ್ಯಾಯ. ಅಮೇರಿಕೆಯ ಪಟ್ಟಿಯಲ್ಲಿ ಏನಿದೆ ಎಂಬದಲ್ಲ, ಈ ಗಾಡಿಯು ರಸ್ತೆಗಿಳಿದ ದಿನ ಏನನ್ನು ಧರಿಸಿತ್ತು ಎಂಬದೇ ಕೇಳಬೇಕಾದ ಪ್ರಶ್ನೆ.

ಅದನ್ನು ಕಂಡುಹಿಡಿಯುವ ಬಗೆಯೂ ಶಾಸನವನ್ನೋದುವ ಬಗೆಯಂತೆಯೇ ಇದೆ. ಮೊದಲು ಓದಬೇಕಾದುದು ಬಿಲ್ಲೆಯನ್ನಲ್ಲ, ಎಂಜಿನು ಮತ್ತು ಚೌಕಟ್ಟಿನ ಸಂಖ್ಯೆಗಳನ್ನು; ಎಂಜಿನಿನ ಹಿಂದಿನ ತಗಡಿಗೆ ಜೋಡಿಸಿದ ಫಲಕಗಳನ್ನು. ತರುವಾಯ ಬಿಲ್ಲೆಯ ಹಿಂದಿನ ತಗಡನ್ನು ನೋಡಬೇಕು. ಬಿಲ್ಲೆಯ ಮೊಳೆಗಳಿಗಾಗಿ ಕಾರಖಾನೆಯಲ್ಲಿ ಕೊರೆದ ರಂಧ್ರಗಳು ಅಂದವಾಗಿ ಸರಿಯಳತೆಯಲ್ಲಿರುತ್ತವೆ. ಅವುಗಳ ಪಕ್ಕದಲ್ಲಿ ಸೀಸದಿಂದ ಮುಚ್ಚಿದ ಬೇರೆ ರಂಧ್ರಗಳು ಕಂಡರೆ, ಕಲ್ಲಿನ ಮೇಲೆ ಅಳಿಸಿ ಕೊರೆದ ಅಕ್ಷರಗಳನ್ನು ಕಂಡಂತೆ ಹೆಸರು ಬದಲಾಗಿರುವದನ್ನು ಊಹಿಸಬಹುದು. ನಿಜವಾದ ಬಿಲ್ಲೆಯನ್ನು ಅಚ್ಚಿಗಿಟ್ಟು ಎರಕ ಹೊಯ್ದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದು. ಏಕೆಂದರೆ ಕಾಯ್ದ ಲೋಹವು ಆರುವಾಗ ಕುಗ್ಗುತ್ತದೆ. ನಕಲಿನ ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಹಳೆಯ ಬಿಲ್ಲೆಗಳ ಬಣ್ಣವು ಬೆಂಕಿಯಲ್ಲಿ ಕಾಯಿಸಿ ಕೂಡ್ರಿಸಿದ ಮೀನಾಕಾರಿಯದು. ಅದು ಗಾಜಿನಂತೆ ಸಿಡಿಯುತ್ತದೆ, ಬಳಿದ ಬಣ್ಣದಂತೆ ಸುಲಿಯುವದಿಲ್ಲ. ತಲೆಯ ಮೇಲೆ ಕೂಡುಗೆರೆಯುಳ್ಳ ತಿರುಪುಮೊಳೆಯು ಗಾಡಿಗಳಲ್ಲಿ ಬಂದದ್ದು ೧೯೩೬ರ ಸುಮಾರಿಗೆ. ೧೯೨೮ರ ಶೆವ್ರೊಲೆಯಲ್ಲಿ ಅಂಥ ಮೊಳೆಯಿದ್ದರೆ ಅಲ್ಲಿ ಇನ್ನೊಬ್ಬರ ಕೈಯಾಡಿದೆ. ೧೯೩೦ರ ದಶಕದ ಎಷ್ಟೋ ಅಲಂಕಾರಗಳು ಸತುವಿನ ಎರಕದವು. ಅದರಲ್ಲಿ ಸೀಸದಂಥ ಕಶ್ಮಲ ಬೆರೆತಿದ್ದರೆ ವರುಷಗಳ ಮೇಲೆ ಉಬ್ಬಿ ಬಿರಿಯುತ್ತದೆ. ಅಂಥ ಬಿರುಕು ಕುರೂಪವಾದರೂ ವಯಸ್ಸಿಗೆ ಸಾಕ್ಷಿ.

ಆದರೂ ಹೀಗೆ ಪರೀಕ್ಷಿಸಿ ಕಂಡುಹಿಡಿದ ನಕಲುಗಳೆಲ್ಲ ಮೋಸದವುಗಳೇ ಎಂದರೆ ಅನ್ಯಾಯವಾದೀತು. ೧೯೫೩ರ ಸುಂಕ ಆಯೋಗದ ವರದಿಯ ಮೇರೆಗೆ, ದೇಶದಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದ ಕಂಪನಿಗಳಿಗೆ ಎಡೆಯಿಲ್ಲವಾಯಿತು. ಜನರಲ್ ಮೋಟರ್ಸ್ ಮತ್ತು ಫೋರ್ಡ ಕಂಪನಿಗಳು ೧೯೫೪ರ ಹೊತ್ತಿಗೆ ಬಾಗಿಲು ಮುಚ್ಚಿದವು. ಗಾಡಿಗಳು ಉಳಿದವು, ಬಿಡಿಭಾಗಗಳು ನಿಂತುಹೋದವು. ಆಗ ಅವುಗಳನ್ನು ಓಡಿಸಿದವರು ಕಮ್ಮಾರರು, ಕಂಚುಗಾರರು, ಪೇಟೆಯ ಮಿಸ್ತ್ರಿಗಳು. ಒಡೆದ ಬಿಲ್ಲೆಗೆ ಬದಲು ಹಿತ್ತಾಳೆಯದನ್ನು ಎರೆದರು. ಸಿಗದ ಪಟ್ಟಿಗೆ ಬದಲು ಉಕ್ಕಿನ ತಗಡನ್ನು ಬಾಗಿಸಿದರು. ಅವರ ಕೆಲಸದಲ್ಲಿ ವಂಚನೆಯಿಲ್ಲ. ಇದ್ದುದನ್ನು ಉಳಿಸಿಕೊಳ್ಳುವ ಹಟವಿದೆ. ಅಂಥ ಹಿತ್ತಾಳೆಯ ತುಂಡನ್ನು ಕಾರಖಾನೆಯದೆಂದು ಮಾರುವವನು ಸುಳ್ಳುಗಾರನೇ ಹೊರತು ಅದನ್ನು ಎರೆದವನಲ್ಲ. ಆದ್ದರಿಂದ ಬಿಲ್ಲೆಗಳನ್ನು ನಿಜ, ಹುಸಿ ಎಂದು ಎರಡಾಗಿ ಒಡೆದರೆ ಸಾಲದು. ಕಾರಖಾನೆಯದು, ರಿಪೇರಿಯದು, ಮೋಸದ್ದು ಎಂದು ಮೂರಾಗಿ ವಿಂಗಡಿಸುವದು ಯೋಗ್ಯ.

ಈ ವಿವೇಚನೆಗೆ ಈಗ ವ್ಯಾವಹಾರಿಕ ಮಹತ್ವವೂ ಬಂದಿದೆ. ೧೯೫೦ಕ್ಕಿಂತ ಮೊದಲು ತಯಾರಾದ ಗಾಡಿಗಳನ್ನು ಹೊರದೇಶಕ್ಕೆ ಮನಬಂದಂತೆ ಸಾಗಿಸಲು ಸರಕಾರದ ನಿರ್ಬಂಧವಿದೆ. ೨೦೨೧ರಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನಗಳ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ ೫೦ ವರುಷ ದಾಟಿದ ಗಾಡಿಗಳಿಗೆ ಬೇರೆ ನೋಂದಣಿಯನ್ನೂ 'ವಿ ಎ' ಅಕ್ಷರಗಳುಳ್ಳ ಸಂಖ್ಯೆಯನ್ನೂ ಏರ್ಪಡಿಸಿತು. ಗಾಡಿಯು ತನ್ನ ಮೂಲರೂಪದಲ್ಲಿರಬೇಕು. ಚೌಕಟ್ಟು, ಮೈ, ಎಂಜಿನುಗಳಲ್ಲಿ ಹೆಚ್ಚಿನ ಮಾರ್ಪಾಡಾಗಿರಬಾರದು ಎಂಬುದು ಅದರ ಷರತ್ತು. ಮೂಲರೂಪ ಯಾವದೆಂದು ಬಲ್ಲವರು ಬೇಕಾದುದು ಇಲ್ಲಿಯೇ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಬಳಿ ೨೦೨೩ರಲ್ಲಿ ತೆರೆದ 'ಪಯಣ' ಸಂಗ್ರಹಾಲಯದಲ್ಲಿಯೂ ಹಳೆಯ ಗಾಡಿಗಳನ್ನು ಹತ್ತಿರದಿಂದ ನೋಡುವ ಅವಕಾಶ ಕನ್ನಡಿಗರಿಗೆ ದೊರೆತಿದೆ.

ಸಂಗ್ರಹಾಲಯ ಸೇರಿದ ಗಾಡಿಗಳ ಚಿಂತೆಯಿಲ್ಲ. ಚಿಂತೆಯಿರುವದು ಕೊಟ್ಟಿಗೆಗಳಲ್ಲಿಯೂ ಹಳೆಯ ಅರಳೆಯ ಗಿರಣಿಗಳ ಮೂಲೆಗಳಲ್ಲಿಯೂ ಉಳಿದ ತುಂಡುಗಳದು. ಒಂದು ಊರಿಗೆ ಗಾಡಿ ಎಂದು ಬಂದಿತು, ಎಲ್ಲಿಂದ ಬಂದಿತು ಎಂಬದು ಯಾವ ಗ್ಯಾಝೆಟಿಯರಿನಲ್ಲಿಯೂ ಇರುವದಿಲ್ಲ. ಕೊಂಡ ಚೀಟಿ, ನೋಂದಣಿಯ ಪುಸ್ತಕ, ಗಾಡಿಯ ಮುಂದೆ ನಿಂತು ತೆಗೆಯಿಸಿದ ಭಾವಚಿತ್ರ, ಇವೇ ಅದಕ್ಕೆ ದಾಖಲೆ. ಹೊಳೆಯ ದಡದ ಊರುಗಳಲ್ಲಿ ಕಾಗದದ ಆಯುಷ್ಯ ಅಲ್ಪ. ೨೦೦೯ರಲ್ಲಿಯೂ ೨೦೧೯ರಲ್ಲಿಯೂ ಮಲಪ್ರಭೆಯು ಉಕ್ಕಿ ತನ್ನ ಇಕ್ಕೆಲದ ಮನೆಗಳನ್ನು ಹೊಕ್ಕಿತು. ನೀರಿಳಿದ ಮೇಲೆ ಕೆಸರಿನಲ್ಲಿ ಉಳಿಯುವದು ಲೋಹವೇ. ಅಂಥ ಬಿಲ್ಲೆಯೊಂದನ್ನು ಗುಜರಿಗೆ ತೂಕ ಹಾಕುವ ಮೊದಲು, ಇಲ್ಲವೆ ಮುಂಬಯಿಯಿಂದ ಹೊಸ ಕ್ರೋಮಿಯಂ ಹಾಕಿಸಿ ತರಿಸುವ ಮೊದಲು, ಅದರ ಮುಂದನ್ನೂ ಹಿಂದನ್ನೂ ಭಾವಚಿತ್ರ ತೆಗೆದು, ಅದರ ಮೇಲಿನ ಅಕ್ಷರ ಸಂಖ್ಯೆಗಳನ್ನು ಬರ್ದಿಟ್ಟುಕೊಂಡು, ಅದು ಯಾರ ಗಾಡಿಯದೆಂದು ಮನೆಯ ಹಿರಿಯರನ್ನು ಕೇಳುವದು ಕಷ್ಟದ ಕೆಲಸವಲ್ಲ. ಹೊಸದಾಗಿ ಹಾಕಬೇಕಾದುದನ್ನು ಹಾಕಿದರೂ ಹಳೆಯದನ್ನು ಎಸೆಯದೆ, ಹೊಸದು ಯಾವಾಗ ಹಾಕಿದ್ದೆಂದು ಒಂದು ಸಾಲು ಬರೆದಿಟ್ಟರೆ ಮುಂದಿನವರು ಮೋಸಹೋಗಲಾರರು. ಕೆನಡಾದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಜೋಡಿಸಲ್ಪಟ್ಟು, ಎರೆಯ ಮಣ್ಣಿನಲ್ಲಿ ಸವೆದು, ಕಂಚುಗಾರನ ಕೈಯಲ್ಲಿ ಮರುಜನ್ಮ ಪಡೆದ ಗಾಡಿಯ ಪಯಣವೆಲ್ಲ ಆ ಅಂಗೈಯಗಲದ ಲೋಹದಲ್ಲಿದೆ. ಅದನ್ನು ಉಜ್ಜುವ ಮೊದಲು ಓದಬೇಕು.